ಸಂಗು ಇದ್ದ ಜಾಗ

ನಾನು ಫೋನಿನಲ್ಲಿ ಒಂದು ಆಟ ಆಡುತ್ತೇನೆ. ಊರಿನ ಗುರುತುಗಳ ಹತ್ತಿರ ನಡೆದು ಹೋಗಿ ನಿಂತರೆ ಅಂಕ ಸಿಗುತ್ತದೆ. ಯಾವುದಾದರೂ ಗುರುತು ನಕ್ಷೆಯಲ್ಲಿ ತಪ್ಪು ಜಾಗದಲ್ಲಿದ್ದರೆ ಆಡುವವರೇ ಸರಿಯಾದ ಜಾಗ ತೋರಿಸಬಹುದು. ಇನ್ನೊಬ್ಬ ಆಟಗಾರರು ಒಪ್ಪಿದರೆ ಗುರುತು ಅಲ್ಲಿಗೆ ಹೋಗುತ್ತದೆ.

ಚಿನ್ನದ ಗಣಿಯ ನಮ್ಮ ಊರು ಕೋರಮಂಡಲ್‌ನಲ್ಲಿ ಗಣಿಯ ಸೈರನ್ನಿಗೆ ನಾವೆಲ್ಲ ಸಂಗು ಅಂತಲೇ ಅನ್ನುತ್ತಿದ್ದೆವು. ಅದನ್ನು ಕಟ್ಟಿದ್ದ ಕಬ್ಬಿಣದ ಕಂಬ ಈಗಲೂ ಇದೆ. ಆಟದಲ್ಲಿ ಅದಕ್ಕೆ 'ಸಂಗು' ಎಂದು ಹೆಸರು ಕೊಟ್ಟವಳು ನಾನೇ. ಒಂದು ಭಾನುವಾರ ಊರು ನೋಡಲು ಬಂದ ಮಹಾಶಯರೊಬ್ಬರು ಸಂಗು ಅಂದರೆ ತಮಿಳಿನ ಅರ್ಥದಲ್ಲಿ ಶಂಖ ಎಂದುಕೊಂಡು, ಗುರುತನ್ನು ಎತ್ತಿ ಪೆರುಮಾಳ್ ಗುಡಿಯ ಮೇಲೆ ಕೂರಿಸಿದರು. ಜೊತೆಗಿದ್ದವರು ಒಪ್ಪಿದರು. ಹೊರಟೂ ಹೋದರು.

ನಾನು ತಿದ್ದುಪಡಿ ಕಳಿಸಿ ತಿಂಗಳುಗಳಾದವು. ಒಪ್ಪಲು ಈ ಕಡೆ ಆಟ ಆಡುವವರೇ ಇಲ್ಲ. ನಿನ್ನೆ ಸಂಜೆ ಕಂಬದ ಕೆಳಗೆ ಫೋನು ಹಿಡಿದು ನಿಂತಿದ್ದಾಗ, ಹಸು ಹೊಡೆದುಕೊಂಡು ಬಂದ ಪಕ್ಕದ ಹಳ್ಳಿಯ ಅಜ್ಜಿ, "ಯಾರ್ಗಮ್ಮ ಕಾಯ್ತಿದ್ದೀಯ?" ಎಂದು ಕೇಳಿದಳು. ವಿಷಯ ಹೇಳಿದೆ.

"ಸಂಗು ಕೂಗ್ತಿದ್ದಿದ್ದು ಇಲ್ಲೇ ಕಣಮ್ಮ. ನಮ್ಮೂರ್ಗೂ ಕೇಳ್ತಿತ್ತು. ನಾನೇಳಿದ್ರೆ ಆಗಲ್ವಾ?"

"ಇಲ್ಲಜ್ಜಿ, ಆಟ ಆಡೋರೇ ಹೇಳ್ಬೇಕು."

"ಅಂಗಾರೆ ಇಲ್ಲಿ ಇನ್ಯಾರವ್ರೆ?" ಎಂದು ಹಸುವಿನ ಹಿಂದೆ ನಡೆದಳು.

ಗಣಿ ಮುಚ್ಚುವ ಮೊದಲು, ಪಾಳಿ ಬದಲಾಗುವ ಹೊತ್ತಿಗೆ ಸಂಗು ಕೂಗಿದರೆ ಈ ಬೀದಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ನನಗೆ ಬೇಕಿರುವುದು ಇನ್ನೊಬ್ಬರು, ಅಷ್ಟೇ.