ಉಡಿಗೆ ಉಡಿ

ನನ್ನ ಅಣ್ಣನ ಬಲಗೈ ಕಡಿದವನು ನಮ್ಮ ಗಲ್ಲಿಯವನೇ. ಹಾಡಹಗಲು, ಬೋಂಡಾ ಬಂಡಿಯ ಮುಂದೆ, ಜನ ಪೇಪರ್ ತುಂಡಿನಲ್ಲಿ ಬೋಂಡಾ ಹಿಡಿದು ತಿನ್ನುತ್ತಿದ್ದಾಗ ಕಡಿದ. ಗಲ್ಲಿಯ ಹುಡುಗರು ಅವನನ್ನೂ ‘ಅಣ್ಣ’ ಎಂದೇ ಕರೆಯುತ್ತಿದ್ದರು. ಆ ಪದವನ್ನು ಅವನಿಗೆ ಕೊಡಲು ನನಗೆ ಮನಸ್ಸಿಲ್ಲ. ನಮ್ಮ ಮನೆಯಲ್ಲಿ ಅವನನ್ನು ಮಚ್ಚಿನವನು ಎನ್ನುತ್ತೇವೆ. ಇಲ್ಲಿಯೂ ಹಾಗೇ ಬರೆಯುತ್ತೇನೆ.

ನಾವು ಆಂಧ್ರದ ಗಡಿಯ ಮಡಕಶಿರಾ ಕಡೆಯವರು, ರೊಳ್ಳದ ಹತ್ತಿರದ ಹಳ್ಳಿ. ಅಪ್ಪ ಕುರಿ ಬಿಟ್ಟು ಎಲ್ಲಿಗೂ ಬರುವವನಲ್ಲ, ಇವತ್ತಿಗೂ ಅಲ್ಲೇ ಇದ್ದಾನೆ. ಅಣ್ಣ ಓದು ಬಿಟ್ಟು ಅದೇ ಗಡಿಯ ರಾಯದುರ್ಗಕ್ಕೆ ಜೀನ್ಸ್ ಹೊಲಿಯುವ ಕೆಲಸಕ್ಕೆ ಬಂದ. ಅವನ ಹಿಂದೆ ಅಮ್ಮ ಬಂದಳು, ಹೊಲಿದ ಪ್ಯಾಂಟುಗಳ ದಾರ ಕತ್ತರಿಸುವುದಕ್ಕೆ. ಅಮ್ಮನ ಹಿಂದೆ ನಾನು ಬಂದೆ, ಓದುವುದಕ್ಕೆ. ಅಣ್ಣ ಬೇಗನೆ ಕಟಿಂಗ್ ಮಾಸ್ಟರ್ ಆದ. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕರೆಂಟಿನ ಕತ್ತರಿ ಮಷೀನನ್ನು ಗೆರೆಯ ಮೇಲೆ ಓಡಿಸುವ ಕೆಲಸ ಅದು. ಕೈ ಸ್ವಲ್ಪ ಅಲುಗಿದರೆ ಅಷ್ಟೂ ಪ್ಯಾಂಟು ಹಾಳು. ಅಣ್ಣನ ಕೈ ಅಲುಗುತ್ತಿರಲಿಲ್ಲ.

ಆ ಕೈಯ ದುಡಿಮೆಯಲ್ಲಿ ನಾನು ಬಿ.ಎ. ಮಾಡಿದೆ, ಬಿ.ಇಡಿ. ಮಾಡಿದೆ, ಖಾಸಗಿ ಶಾಲೆಯಲ್ಲಿ ಟೀಚರ್ ಆದೆ. ನಮ್ಮ ಮನೆತನದಲ್ಲಿ ಡಿಗ್ರಿ ಎನ್ನುವುದು ನನ್ನಿಂದ ಶುರು. ಜಂಬ ಎಂದರೆ ಜಂಬವೇ, ನನಗೇನೂ ನಾಚಿಕೆಯಿಲ್ಲ. ಆದ್ದರಿಂದ ಮಚ್ಚು ಬಿದ್ದದ್ದು ಯಾವ ಕೈಯ ಮೇಲೆ ಎನ್ನುವುದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇಲ್ಲ.

ಕಾರಣ ಇಷ್ಟೇ. ಸಂಜೆ ಜೀನ್ಸ್ ಯೂನಿಟ್ ಬಿಟ್ಟಾಗ ಹುಡುಗಿಯರು ಗುಂಪಾಗಿ ಮನೆಗೆ ಹೋಗುತ್ತಿದ್ದರು. ಮಚ್ಚಿನವನು ಮೋರಿಯ ಕಟ್ಟೆಯ ಮೇಲೆ ಕೂತು ಒಬ್ಬಳ ವೇಲು ಹಿಡಿದೆಳೆದ. ಅಣ್ಣ ಜಗಳ ಮಾಡಲಿಲ್ಲ. “ಬಿಡಪ್ಪ, ಪಾಪ, ಹೋಗ್ಲಿ” ಅಂದನಂತೆ, ಅಷ್ಟೆ. ಎಲ್ಲರ ಮುಂದೆ ಅಂದನಲ್ಲ, ಅದೇ ತಪ್ಪಾಯಿತು. ಮರುದಿನ ಮಚ್ಚು ಬಂತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಕೈ ಉಳಿಸಿದರು. ಆದರೆ ನಡುವಿನ ಮೂರು ಬೆರಳು ಮಡಚಲಿಲ್ಲ, ಇನ್ನು ಮಡಚುವುದೂ ಇಲ್ಲ.

ಸ್ಟೇಷನ್ನಿಗೆ ಹೋದದ್ದು ನಾನು. ಹೆಡ್ ಕಾನ್‌ಸ್ಟೇಬಲ್ ನನ್ನ ದೂರು ಓದಿ ಪಕ್ಕಕ್ಕಿಟ್ಟ.

“ಏನ್ ಓದೀಯಮ್ಮ?”

“ಬಿ.ಎ., ಬಿ.ಇಡಿ.”

“ಹಂಗಾದ್ರ ತಿಳಿತದ ನಿನಗ. ಒಂದs ಗಲ್ಲ್ಯಾಗ ಇರೋರು. ನಾಳೆ ಮುಖ ಮುಖ ನೋಡ್ಬೇಕು. ಆಸ್ಪತ್ರಿ ಖರ್ಚು ಕೊಡಸ್ತೀನಿ, ರಾಜಿ ಆಗ್ರಿ.”

“ಬೆರಳು ಕೊಡಿಸ್ತೀರಾ?” ಅಂದೆ.

ಅವನು ತಲೆ ಎತ್ತಿ ಫ್ಯಾನು ನೋಡಿದ.

ಆಗ ಹೊಸದಾಗಿ ಬಂದಿದ್ದ ಎಸ್.ಐ. ಒಳಗಿನಿಂದ ಕೇಳಿಸಿಕೊಂಡು ಹೊರಗೆ ಬಂದ. ಆಂಧ್ರದ ಕರಾವಳಿ ಕಡೆಯ ತೆಲುಗಿನವನು, ಕನ್ನಡ ಅರ್ಥವಾಗುತ್ತಿತ್ತು, ಬಾಯಲ್ಲಿ ಬರುತ್ತಿರಲಿಲ್ಲ. ದೂರನ್ನು ದಾಖಲು ಮಾಡಿಸಿದ. ಆಮೇಲೆ, “ಸಾಕ್ಷಿ ಲೇಕುಂಡಾ ಕೇಸು ನಿಲಬಡದಮ್ಮಾ” ಅಂದ. ಸಾಕ್ಷಿಯಿಲ್ಲದೆ ಕೇಸು ನಿಲ್ಲದು ಎಂಬುದು ನನಗೂ ಗೊತ್ತಿತ್ತು. ಗಲ್ಲಿ ತುಂಬ ಜನ ನೋಡಿದ್ದರು, ನೋಡಿದೆ ಎನ್ನುವವರು ಒಬ್ಬರೂ ಇರಲಿಲ್ಲ.

ಆ ದಿನಗಳಲ್ಲಿ ನನ್ನ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಮುಚ್ಚಿಡುವುದಿಲ್ಲ. ಶಾಲೆಯಲ್ಲಿ ಬೋರ್ಡಿನ ಮೇಲೆ ಗೆರೆ ಎಳೆಯುವಾಗ, ಅಣ್ಣನ ಕತ್ತರಿ ಮಷೀನಿನ ಕೆಳಗೆ ಮಚ್ಚಿನವನ ಕೈ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆ. ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ನೀಟಾಗಿ. ಮಕ್ಕಳು “ಟೀಚರ್, ಗೆರಿ ಉದ್ದ ಆತ್ರಿ” ಎಂದಾಗ ಎಚ್ಚರವಾಗುತ್ತಿತ್ತು.

ಎಲ್ಲರಿಗಿಂತ ಹತ್ತಿರದಿಂದ ನೋಡಿದ್ದವಳು ಬೋಂಡಾ ಅಕ್ಕ. ಬಂಡಿ ಅವಳದು. ಅಣ್ಣನ ರಕ್ತ ಅವಳ ಹಿಟ್ಟಿನ ಪಾತ್ರೆಗೆ ಸಿಡಿದು, ಅಷ್ಟೂ ಹಿಟ್ಟನ್ನು ಚೆಲ್ಲಿದ್ದಳು. ಕೇಳಿದೆ.

“ನಾನೇನೂ ನೋಡಿಲ್ರಿ ಟೀಚರ್. ಎಣ್ಣಿ ಕಡಿಗೆ ನೋಡ್ತಿದ್ನಿ.”

“ಅಕ್ಕಾ!”

“ಹಿಂದಕ ಒಮ್ಮೆ ನೋಡಿದ್ನಿ. ಇವನs ಒಬ್ಬಗ ಚೂರಿ ಹಾಕಿದ್ದ. ಸ್ಟೇಷನ್ನಿಗೆ ಹೋಗಿ ಹೇಳಿ ಬಂದ್ನಿ. ನಾನು ಮನಿ ಮುಟ್ಟಾಕ ಮೊದಲs ನನ್ನ ಹೆಸರು ಇವನ ಕಿವಿ ಮುಟ್ಟಿತ್ತು. ಬಾಣಲಿ ಎತ್ತಿ ಗಟಾರಕ್ಕ ಹಾಕಿದ್ದ. ಬಾಣಲಿ ಇನ್ನೊಂದು ತಂದ್ನಿ. ಜೀವ ಇನ್ನೊಂದು ಎಲ್ಲಿ ಸಿಗ್ತದ?” ಜಾಲರಿ ಸೌಟಿನಿಂದ ಬೋಂಡಾ ತೆಗೆದು ಎಣ್ಣೆ ಜಾಡಿಸಿದಳು. “ಪೊಲೀಸ್ನೋರು ದಿನಾ ಬರ್ತಾರ, ತಿಂತಾರ, ಕೈ ವರೆಸ್ಕೊಂಡು ಹೋಗ್ತಾರ. ಬೋಂಡಾದ ರೊಕ್ಕ ಕೊಡಲಾರದೋರು ನನ್ನ ಜೀವ ಕಾಯ್ತಾರೇನ್ರಿ?”

ಈ ಮಾತನ್ನು ನಾನು ಹಾಗೇ ತೆಗೆದುಕೊಂಡು ಹೋಗಿ ಎಸ್.ಐ. ಮುಂದೆ ಇಟ್ಟೆ. ನಯ ಮಾಡಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಪಕ್ಕದಲ್ಲೇ ಇದ್ದ. ಎಸ್.ಐ. ಕಿವಿ ಕೆಂಪಾಯಿತು.

ಮರುದಿನ ಸಂಜೆ ಅವನು ಬಂಡಿಯ ಮುಂದೆ ನಿಂತು ಬೋಂಡಾ ತಿಂದ, ನೋಟು ಕೊಟ್ಟ. “ಇರ್ಲಿ ಬಿಡ್ರಿ ಸಾರ್” ಎಂದು ಬೋಂಡಾ ಅಕ್ಕ ಹೆದರಿ ಹಿಂದೆ ಸರಿದಳು. ಅವನು ನೋಟನ್ನು ಹಿಟ್ಟಿನ ಡಬ್ಬದ ಮೇಲಿಟ್ಟು, ಚಿಲ್ಲರೆ ಕೇಳಿ ತೆಗೆದುಕೊಂಡ. ಚಿಲ್ಲರೆ ಕೇಳಿದನಲ್ಲ, ಬೋಂಡಾ ಅಕ್ಕನಿಗೆ ಹಿಡಿಸಿದ್ದು ಅದು. “ದಾನ ಮಾಡಾಕ ಬಂದಿಲ್ಲ ಬಿಡು, ತಿನ್ನಾಕ ಬಂದಾನ” ಅಂದಳು. ಅವನ ಹಿಂದೆ ಹೆಡ್ ಕಾನ್‌ಸ್ಟೇಬಲ್ ಕೂಡ ಕೊಟ್ಟ. ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿಕೊಂಡು ಕೊಟ್ಟ. ಅದನ್ನು ನೋಡಲೆಂದೇ ಗಲ್ಲಿಯ ಹೆಂಗಸರು ಬಾಗಿಲಿಗೆ ಬಂದಿದ್ದರು.

ಅಂದಿನಿಂದ ದಿನಾ ಸಂಜೆ ಯೂನಿಟ್ ಬಿಡುವ ಹೊತ್ತಿಗೆ ಒಬ್ಬ ಕಾನ್‌ಸ್ಟೇಬಲ್ ಮೋರಿಯ ಹತ್ತಿರ ನಿಲ್ಲತೊಡಗಿದ. ಅವನೂ ದುಡ್ಡು ಕೊಟ್ಟೇ ತಿನ್ನುತ್ತಿದ್ದ. ಸ್ವಲ್ಪ ದಿನ ಬಿಟ್ಟು ಬೋಂಡಾ ಅಕ್ಕನೇ ನನ್ನನ್ನು ಕರೆದು, “ಸ್ಟೇಷನ್ನಿಗೆ ಬರಂಗಿಲ್ಲ ನಾನು. ಬೇಕಾದ್ರ ಅವರs ನಮ್ಮ ಮನಿಗೆ ಬರ್ಲಿ” ಅಂದಳು. ಎಸ್.ಐ. ಒಬ್ಬನೇ ಹೋಗಿ ಹೇಳಿಕೆ ಬರೆದುಕೊಂಡ. ಈ ಸಲ ಅವಳ ಹೆಸರು ಯಾರ ಕಿವಿಗೂ ಹೋಗಲಿಲ್ಲ. ಮಚ್ಚಿನವನನ್ನು ಎಳೆದುಕೊಂಡು ಹೋದರು. ನಾನು ಅವತ್ತು ಶಾಲೆಯಲ್ಲಿ ಮಕ್ಕಳಿಗೆ ಚಾಕೊಲೇಟು ಹಂಚಿದೆ. ಯಾರ ಹುಟ್ಟುಹಬ್ಬ ಟೀಚರ್ ಎಂದು ಕೇಳಿದರು.

ಆದರೆ ಕಾನೂನಿನಲ್ಲಿ ಬೇಲ್ ಎಂಬುದೊಂದಿದೆ. ಬೇಲ್ ಸಿಕ್ಕ ಮಚ್ಚಿನವನು ನಮ್ಮ ಮನೆಯ ಎದುರಿಗೇ ನಿಂತು ತಲೆ ಬಾಚಿಕೊಂಡ.

“ಟೀಚರ್, ಆರಾಮೇನ್ರಿ? ನಿಮ್ಮಣ್ಣಗ ಇನ್ನೊಂದು ಕೈ ಐತಲ್ಲ, ಜ್ವಾಪಾನ.”

ಅಣ್ಣ ಒಳಗೆ ಎಡಗೈಯಲ್ಲಿ ಊಟ ಮಾಡುವುದನ್ನು ಕಲಿಯುತ್ತಿದ್ದ. ಕೇಳಿಸಿದರೂ ತಟ್ಟೆಯಿಂದ ಮುಖ ಎತ್ತಲಿಲ್ಲ.

ಅಷ್ಟರಲ್ಲಿ ಕೇಸು ಕೋರ್ಟಿಗೆ ಬಂತು, ಸಾಕ್ಷಿಗಳ ಪಟ್ಟಿ ಅವನ ವಕೀಲರ ಕೈಗೂ ಹೋಯಿತು. ಬೋಂಡಾ ಅಕ್ಕನ ಹೆಸರು ಬಯಲಾಯಿತು. ಅವಳು ಅಳುಕಲಿಲ್ಲ. ಕಾನ್‌ಸ್ಟೇಬಲ್ ಎದುರಿಗೆ ಬಾಣಲೆಗೆ ಕೈ ಹಾಕುವಷ್ಟು ಧೈರ್ಯ ಮಚ್ಚಿನವನಿಗಿರಲಿಲ್ಲ. ಹಾಗಾಗಿ ಬೇರೆ ದಾರಿ ಹಿಡಿದ. ತಾಯಿಯನ್ನು ಕಳಿಸಿದ.

ಅದೊಂದು ಶುಕ್ರವಾರ. ನಾನು ಶಾಲೆಯಲ್ಲಿದ್ದೆ. ಅವನ ತಾಯಿ ಇಬ್ಬರು ಮುತ್ತೈದೆಯರನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಅಡಿಕೆ, ಹಸಿರು ರವಿಕೆ ಕಣ. “ಉಡಿ ತುಂಬಾಕ ಬಂದೀನ್ರಿ ಅಕ್ಕ, ಇಲ್ಲ ಅನಬ್ಯಾಡ್ರಿ” ಎಂದು ಕಣ್ಣೀರು ಹಾಕಿದಳು. ನಮ್ಮ ಮಡಕಶಿರಾ ಕಡೆ ಇದನ್ನು ಮಡಿಲು ತುಂಬುವುದು ಎನ್ನುತ್ತಾರೆ. ಮನೆಗೆ ಬಂದ ಮಗಳಿಗೆ, ನೆಂಟರಿಗೆ ತುಂಬುತ್ತಾರೆ, ಅದರಲ್ಲಿ ಒಳ್ಳೆಯದು ಬಿಟ್ಟು ಇನ್ನೇನೂ ಇಲ್ಲ. ಬಂದ ಮಡಿಲನ್ನು ಗಂಡ ಇರುವ ಹೆಂಗಸು ಬೇಡ ಎನ್ನುವ ಹಾಗೇ ಇಲ್ಲ. ಅಮ್ಮ ಸೆರಗು ಒಡ್ಡಿದಳು.

ನಮ್ಮ ಗಲ್ಲಿಯಲ್ಲಿ ಅದರ ಅರ್ಥ ಬೇರೆ ಎಂದು ಅವಳಿಗೆ ಗೊತ್ತಿರಲಿಲ್ಲ. ಇಲ್ಲಿ ಜಗಳವಾಡಿದ ಮನೆಯವರು ಉಡಿ ತುಂಬಿದರೆ, ತುಂಬಿಸಿಕೊಂಡವರು ಜಗಳ ಬಿಟ್ಟರು ಎಂದೇ ಲೆಕ್ಕ. ಆಮೇಲೆ ಆ ಜಗಳದಲ್ಲಿ ಯಾರೂ ಬಾಯಿ ಹಾಕುವುದಿಲ್ಲ.

ನಾನು ಮನೆ ಸೇರುವ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಫೋನು ಬಂತು. “ಉಡಿ ಆತಂತಲ್ಲಮ್ಮ. ಚಲೋ ಆತು ಬಿಡು.” ಓಡಿ ಬೋಂಡಾ ಅಕ್ಕನ ಹತ್ತಿರ ಹೋದೆ. ಅವಳು ನನ್ನ ಮುಖ ನೋಡಲಿಲ್ಲ.

“ನಿಮ್ಮವ್ವನs ಸೆರಗು ಒಡ್ಡಿದ ಮ್ಯಾಲ ನಾನ್ಯಾರ್ರಿ ಸಾಕ್ಷಿ ಹೇಳಾಕ? ಸಾಕ್ಷಿ ಹೇಳಿದ್ರ ನಾಳೆ ಗಲ್ಲ್ಯಾಗಿನ ಹೆಂಗಸ್ರು ನನ್ನ ಬಾಗಿಲಕ್ಕ ಕುಂಕುಮಕ್ಕೂ ಬರಂಗಿಲ್ಲ.”

ಪೊಲೀಸರನ್ನು ಇವಳು ನಂಬುವಂತೆ ಮಾಡಲು ಅಷ್ಟು ಕಷ್ಟಪಟ್ಟಿದ್ದೆ. ಒಂದು ಮೊರ ಅಕ್ಕಿಯಲ್ಲಿ ಅದೆಲ್ಲ ಹೋಯಿತು. ಮನೆಗೆ ಬಂದು ಅಮ್ಮನ ಮೇಲೆ ಹರಿಹಾಯ್ದೆ.

“ನನಗೇನು ಗೊತ್ತು ಕಣಮ್ಮಿ, ಇವ್ರ ಊರಿನ ಮಡ್ಲು ಹಿಂಗೆ ಅಂತ? ಅವ್ಳು ಅತ್ಲು, ನಾನು ಸೆರಗು ಒಡ್ಡಿದೆ.”

“ಈ ಅಕ್ಕೀನ ತಗೊಂಡು ಹೋಗಿ ಅವರ ಬಾಗಿಲಿಗೆ ಎರಚಿ ಬರ್ತೀನಿ.”

“ಬ್ಯಾಡ ಕಣೆ! ತುಂಬಿದ ಮಡ್ಲು ವಾಪಸ್ ಕೊಟ್ರೆ ನಮ್ಗೇ ಕೆಟ್ದು, ನಿಮ್ಮಪ್ಪಂಗೆ ಕೆಟ್ದು.”

ಅಮ್ಮ ಅದನ್ನು ನಂಬಿದ್ದಳು. ಗಲ್ಲಿಯೂ ನಂಬಿತ್ತು. ಆ ನಂಬಿಕೆಯನ್ನು ಒಡೆಯಲು ಹೋದರೆ ಎಲ್ಲರೂ ನನಗೇ ತಿರುಗಿ ಬೀಳುತ್ತಾರೆ ಎಂದು ನನಗೆ ಹೊಳೆಯಿತು. ಹಿಂತಿರುಗಿಸಬಾರದು, ಸರಿ. ಆದರೆ ತುಂಬಿಸಿಕೊಂಡವಳು ತಾನೂ ಹೋಗಿ ತುಂಬಬಾರದು ಎಂದು ಯಾರಾದರೂ ಹೇಳಿದ್ದಾರೆಯೇ? ಬೋಂಡಾ ಅಕ್ಕನನ್ನು ಕೇಳಿದೆ. ಸೌಟು ಎಣ್ಣೆಯಲ್ಲೇ ನಿಂತಿತು.

“ಹಂಗ ಯಾರೂ ಮಾಡಿಲ್ರಿ ಇಲ್ಲಿತನಕ.”

“ಮಾಡಿದ್ರೆ?”

ಬಾಣಲೆಯಲ್ಲಿ ಬೋಂಡಾ ಕಪ್ಪಾದವು. “ಮಾಡಿದ್ರ... ಅವರದು ಅವರಿಗೆ ಮುಟ್ಟಿತು ಅಂತ ಆತು ನೋಡ್ರಿ” ಅಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. “ಓದಿದೋರ ತಲಿ ಭಾಳ ಕೆಟ್ಟದ ಬಿಡವ್ವ!”

ಮುಂದಿನ ಶುಕ್ರವಾರ ಅಮ್ಮನಿಗೆ ಅವಳ ಒಳ್ಳೆಯ ಸೀರೆ ಉಡಿಸಿದೆ. ಹೊಸ ಅಕ್ಕಿ, ಅವರದಕ್ಕಿಂತ ದೊಡ್ಡ ಕೊಬ್ಬರಿ, ಅವರದಕ್ಕಿಂತ ಒಳ್ಳೆಯ ಕಣ. ಮೊರ ನಾನೇ ಹಿಡಿದೆ. ಗಲ್ಲಿಯ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದೆವು. ಬೋಂಡಾ ಅಕ್ಕ ಬಂಡಿಯ ಬೆಂಕಿ ಆರಿಸಿ ಹಿಂದೆ ಬಂದಳು. ಅವಳ ಹಿಂದೆ ಯೂನಿಟ್ಟಿನ ಹುಡುಗಿಯರು, ಅವರಲ್ಲಿ ವೇಲು ಎಳೆಸಿಕೊಂಡವಳೂ ಇದ್ದಳು.

ಮಚ್ಚಿನವನ ತಾಯಿ ಬಾಗಿಲಿಗೆ ಬಂದು ಮೊರ ನೋಡಿದ್ದೇ ಬಿಳಿಚಿಕೊಂಡಳು. ಅವಳ ಗಂಡನೂ ಬದುಕಿದ್ದ. ಬೇಡ ಎನ್ನುವ ಹಾಗಿರಲಿಲ್ಲ.

“ಈಗ ಯಾಕ್ರಿ ಅಕ್ಕ, ಇದೆಲ್ಲ...”

“ಏನವ್ವಾ, ಸೆರಗು ಒಡ್ಡಾಕ ಬರಲ್ಲೇನು?” ಬೋಂಡಾ ಅಕ್ಕ ಹಿಂದಿನಿಂದ ಕೂಗಿದಳು. “ಮೊನ್ನೆ ತುಂಬಾಕ ಮಾತ್ರ ಚೆಂದ ಬಂದಿತ್ತಲ್ಲ!”

ಹುಡುಗಿಯರು ಕಿಸಕ್ಕನೆ ನಕ್ಕರು. ಆ ಹೆಂಗಸು ಸೆರಗಿನ ತುದಿ ಹಿಡಿದು ಒಳಗಿದ್ದ ಮಗನ ಕಡೆ ತಿರುಗಿ ನೋಡಿದಳು. ನನಗೆ ಅಯ್ಯೋ ಅನ್ನಿಸಲಿಲ್ಲ. ನಮ್ಮ ಬಾಗಿಲಿನಲ್ಲಿ ಅತ್ತಾಗ ಅವಳಿಗೆ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಅವಳು ಸೆರಗು ಒಡ್ಡಿದಳು. ಅಮ್ಮ ಬೊಗಸೆ ಬೊಗಸೆಯಾಗಿ ಅಕ್ಕಿ ಹಾಕಿದಳು.

“ನೀನು ತುಂಬ್ದೆ, ನಾನೂ ತುಂಬ್ದೆ ಕಣಮ್ಮ. ನಿಂಗೂ ನಂಗೂ ಏನೂ ಇಲ್ಲ ಇನ್ನ. ನಮ್ಮ ಮಕ್ಕಳದ್ದು ಕೋರ್ಟ್ನಾಗೆ ಐತೆ, ಅಲ್ಲಿಗೆ ಬತ್ತೀವಿ.”

ಒಳಗೆ ಮಂಚದ ಮೇಲೆ ಕೂತಿದ್ದ ಮಚ್ಚಿನವನು ನನ್ನನ್ನೇ ನೋಡುತ್ತಿದ್ದ. ಬಾಚಣಿಗೆ ಕೈಯಲ್ಲೇ ಇತ್ತು. ನಾನು ಖಾಲಿ ಮೊರವನ್ನು ಅವನಿಗೆ ಕಾಣುವ ಹಾಗೆ ಕೊಡವಿದೆ.

ಕೋರ್ಟಿನಲ್ಲಿ ಬೋಂಡಾ ಅಕ್ಕ ಕಟಕಟೆಯ ಕಂಬಿ ಹಿಡಿದು ನಿಂತಳು. ಕಡಿದವನು ಯಾರೆಂದು ಕೇಳಿದಾಗ ತೋರಿಸಿದಳು. ಅವನ ವಕೀಲರು ಎದ್ದರು.

“ಎರಡೂ ಮನೆಯವರು ಉಡಿ ತುಂಬಿಸಿಕೊಂಡು ಒಂದಾಗಿದ್ದಾರೆ. ಈಗ ನೀನು ಹಗೆಯಿಂದ ಸುಳ್ಳು ಹೇಳ್ತಿದ್ದೀ, ಅಲ್ಲವೇನಮ್ಮ?”

“ಉಡಿಗೆ ಉಡಿ ಮುಟ್ಟೇತ್ರಿ ಸಾಹೇಬ್ರ. ಗಲ್ಲಿ ಮಂದಿ ಎಲ್ಲಾ ನೋಡ್ಯಾರ.” ಬೋಂಡಾ ಅಕ್ಕ ತನ್ನ ಬಲಗೈ ಎತ್ತಿ ನಡುವಿನ ಮೂರು ಬೆರಳು ಮಡಚಿ ತೋರಿಸಿದಳು. “ಹಿಂಗ ಮಡಚೋ ಬೆರಳು ಆ ಹುಡುಗಗ ಯಾರು ಮುಟ್ಟಿಸ್ಯಾರ್ರಿ?”

ನಾನು ಜೋರಾಗಿ ನಕ್ಕೆ. ಕೋರ್ಟಿನ ಜವಾನ ನನ್ನ ಕಡೆ ಕಣ್ಣು ಬಿಟ್ಟ.

ಅವಳಾದ ಮೇಲೆ ವೇಲಿನ ಹುಡುಗಿ ಹೇಳಿದಳು. ಅವಳಾದ ಮೇಲೆ, ಬೋಂಡಾ ತಿನ್ನುತ್ತಾ ನಿಂತಿದ್ದು ಇಷ್ಟು ದಿನ ಏನೂ ನೋಡಿರದ ಕ್ಷೌರದಂಗಡಿಯವನೂ ಹೇಳಿದ. ಮಚ್ಚಿನವನಿಗೆ ಶಿಕ್ಷೆಯಾಯಿತು.

ತೀರ್ಪಿನ ದಿನ ಅಣ್ಣ ಬರಲಿಲ್ಲ. ಯೂನಿಟ್ಟಿನಲ್ಲಿ ಎಡಗೈಯಿಂದ ಗೆರೆ ಎಳೆಯುವ ಕೆಲಸ ಕೊಟ್ಟಿದ್ದರು. ಮಷೀನು ಈಗ ಬೇರೆಯವರು ಓಡಿಸುತ್ತಾರೆ. “ನೀನು ನೋಡ್ಕೊಂಡು ಬಂದು ಹೇಳು” ಅಂದಿದ್ದ. ಹಾಗಾಗಿ ನೋಡಿದೆ. ಕಾನ್‌ಸ್ಟೇಬಲ್ ಮಚ್ಚಿನವನ ಬಲಗೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದ. ನಾನು ಮುಖ ನೋಡಲಿಲ್ಲ, ಆ ಕೈ ನೋಡಿದೆ. ವ್ಯಾನಿನ ಸರಳು ಹಿಡಿದು ಹತ್ತುವಾಗ ಐದೂ ಬೆರಳು ಸಲೀಸಾಗಿ ಮಡಚಿದವು.

ಸಂಜೆ ಅಣ್ಣನಿಗೆ ಎಲ್ಲವನ್ನೂ ಹೇಳಿದೆ, ಆ ಬೆರಳುಗಳದ್ದೊಂದನ್ನು ಬಿಟ್ಟು. ಅದು ನನ್ನ ಹತ್ತಿರವೇ ಇರಲಿ. ಮಚ್ಚಿನವನು ಜೈಲಿನಿಂದ ಬರುವ ದಿನವೂ ಬೋಂಡಾ ಬಂಡಿಯ ಮುಂದೆ ನಿಂತು ಆ ಕೈಯನ್ನೇ ನೋಡುತ್ತೇನೆ.