ನೀ ನುಂಗಿದರ ನಾ ನುಂಗತೇನಿ

ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದೊಡನೆ ತಂಬಾಕಿನ ಘಾಟು ಮೂಗಿಗೆ ಬಡಿಯುತ್ತದೆ. ಬೇರೆಯವರು ಕರವಸ್ತ್ರ ಹಿಡಿಯುತ್ತಾರೆ; ನಾನು ಉದ್ದಕ್ಕೆ ಉಸಿರೆಳೆದುಕೊಳ್ಳುತ್ತೇನೆ. ಅದು ನಮ್ಮ ಅತ್ತಿಯ ಸೆರಗಿನ ವಾಸನೆ. ಅತ್ತಿ ಎಂದರೆ ಅಪ್ಪನ ಅಕ್ಕ, ಶೇವಂತಾ. ಗಂಡ ಸತ್ತ ಮೇಲೆ ತವರಿಗೆ ಬಂದು, ಬೀಡಿ ಕಟ್ಟಿ, ಯಾರಿಗೂ ಭಾರವಾಗದೆ ಇದ್ದವಳು. ಎಂಬತ್ತರ ದಶಕದ ಕೊನೆಯಲ್ಲಿ, ನಾನಿನ್ನೂ ಕನ್ನಡ ಸಾಲೆಗೆ ಹೋಗುತ್ತಿದ್ದಾಗ, ಅವಳಿಗೆ ಟೀಬಿ ಆಯಿತು. ಗುಳಿಗೆ ತಪ್ಪದೆ ನುಂಗಿದರೆ ಬದುಕುತ್ತಾಳೆ, ನಡುವೆ ಬಿಟ್ಟರೆ ಇಲ್ಲ ಎಂದರು ಡಾಕ್ಟರು. ನಮ್ಮ ಮನೆಯ ಶೂರರಿಗೆ ಕೇಳಿಸಿದ್ದು ರೋಗದ ಹೆಸರು ಮಾತ್ರ. ಅಪ್ಪನ ತಮ್ಮ, ನಮ್ಮ ಕಾಕಾ, ಅಂದೇ ಅವಳ ಹಾಸಿಗೆಯನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಹಾಕಿಸಿದ. ಬೇರೆ ತಾಟು, ಬೇರೆ ಗ್ಲಾಸು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ; ಅವನ ಜನ್ಮವೇ ಹಾಗೆ ಕಳೆಯಿತು.

ಆಮೇಲೆ ಬಳಗ ಬಂತು, ಕಬ್ಬೂರಿನಿಂದ, ರಾಯಬಾಗದಿಂದ, ಮೂಗಿಗೆ ಸೆರಗು ಹಿಡಿದುಕೊಂಡು. ಶೆಡ್ಡಿನಿಂದ ಮಾರುದೂರ ನಿಂತು ತಂದ ಬಾಳೆಹಣ್ಣನ್ನು ಎಸೆಯುವುದೊಂದು ಬಾಕಿ ಇತ್ತು. "ದೇವರ ಆಟ ನೋಡವ್ವಾ" ಎಂದು ಲೊಚಗುಟ್ಟಿ, ಒಳಗೆ ಬಂದು ಗಡದ್ದಾಗಿ ಉಂಡು ಹೋಗುತ್ತಿದ್ದರು. ಥೂ! ಆ ಮುಖಗಳು ನೆನಪಾದರೆ ಇಂದಿಗೂ ಬಾಯಿ ಕಹಿಯಾಗುತ್ತದೆ. ಕಾಕಾನ ಕಥೆಯಂತೂ ಕೇಳಲೇಬಾರದು. ಅಕ್ಕ ಮುಟ್ಟಿದ ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಸುತ್ತಿದ್ದ ಈ ಮಹಾಶಯ, ಸಂಜೆಯಾದರೆ ಅದೇ ಶೆಡ್ಡಿನ ಬಾಗಿಲಿಗೆ ಬಂದು ಕೈ ಚಾಚುತ್ತಿದ್ದ. ಬೀಡಿ ಕೊಳ್ಳುವ ಠೇಕೇದಾರ ಬೇಡವೆಂದು ತೆಗೆದುಹಾಕಿದ ಬೀಡಿ ಅವನಿಗೆ ಬೇಕಿತ್ತು. ಅವಳು ಕೈಯಾರೆ ಸುತ್ತಿದ ಬೀಡಿಯನ್ನು ತುಟಿಗಿಟ್ಟುಕೊಂಡು, ಪಡಸಾಲೆಯಲ್ಲಿ ಕುಳಿತು, ಟೀಬಿ ಹೇಗೆ ಹರಡುತ್ತದೆಂದು ಓಣಿಗೆಲ್ಲ ಉಪದೇಶ ಮಾಡುತ್ತಿದ್ದ.

ಇದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ಹಿಂದಿನ ಓಣಿಯ ಹೌಸಾಬಾಯಿ, ಮರಾಠಿ ಬೆರೆಸಿ ಕನ್ನಡ ಆಡುವವಳು. "ಅಗ ಶೇವಂತಾ, ನಿನ್ನ ತಮ್ಮ ಭಾರಿ ಶಾಣ್ಯಾ ಅದಾನ ಬಗ್. ರೋಗ ನೀರಿಗಿ ಹತ್ತತೈತಿ, ಬೀಡಿಗಿ ಹತ್ತಂಗಿಲ್ಲ!" ಅವಳಿಗೂ ಅದೇ ರೋಗ. ಅವಳ ಸೊಸೆಯೂ ಬೇರೆ ಗ್ಲಾಸು ಕೊಟ್ಟಿದ್ದಳು. ಹೌಸಾಬಾಯಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಶೆಡ್ಡಿಗೆ ಬರುತ್ತಿದ್ದಳು. ದವಾಖಾನೆಯ ಪಾಳಿಯಲ್ಲಿ ಬೆಳೆದ ಗೆಳೆತನ. ದಿನಾ ಬೆಳಿಗ್ಗೆ ಇಬ್ಬರೂ ಎದುರುಬದುರು ಕೂಡುವರು, ಅಂಗೈಯಲ್ಲಿ ಗುಳಿಗೆ. "ನೀ ನುಂಗಿದರ ನಾ ನುಂಗತೇನಿ." ಮೊದಲ ಸಲ ಉಚ್ಚೆ ಕೆಂಪಾದಾಗ ಹೌಸಾಬಾಯಿ ರಕ್ತವೆಂದು ಹೆದರಿ ಅಳುತ್ತ ಓಡಿ ಬಂದಳು. "ನಂದೂ ಕೆಂಪ ಐತಿ ಬೇ, ಗುಳಿಗಿ ಬಣ್ಣ ಅದು" ಎಂದು ಅತ್ತಿ ಅಂದದ್ದೇ ತಡ, ಇಬ್ಬರೂ ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತ, ಒಬ್ಬರ ಗ್ಲಾಸಿನಲ್ಲಿ ಇನ್ನೊಬ್ಬರು ಚಹಾ ಕುಡಿಯುತ್ತ ಕೂತಿರುತ್ತಿದ್ದರು. ನಮ್ಮ ಇಡೀ ಮನೆಯಲ್ಲಿ ಮನುಷ್ಯರು ಬಾಳುತ್ತಿದ್ದದ್ದು ಆ ಶೆಡ್ಡಿನಲ್ಲಿ ಮಾತ್ರ.

ಹೌಸಾಬಾಯಿ ಔಷಧಕ್ಕೆ ಬಂದದ್ದೇ ತಡವಾಗಿತ್ತು. ಮಳೆಗಾಲದಲ್ಲಿ ಹೋಗಿಬಿಟ್ಟಳು. ಮರುದಿನ ಅತ್ತಿ ಗುಳಿಗೆ ಮುಟ್ಟಲಿಲ್ಲ. ಅದರ ಮರುದಿನವೂ ಇಲ್ಲ. "ಯಾರ ಮುಂದ ಕುಂತ ನುಂಗಲಿ?" ಎಂದಳು. "ಆಕಿ ಹಣೇಬರಹ" ಎಂದು ಕಾಕಾ ಬೀಡಿ ಹಚ್ಚಿದ. ನನಗೆ ಡಾಕ್ಟರ ಮಾತು ನೆನಪಿತ್ತು. ಮುಷ್ಟಿಯಲ್ಲಿ ಶೇಂಗಾ ಹಿಡಿದುಕೊಂಡು ಹೋಗಿ ಹೌಸಾಬಾಯಿಯ ಜಾಗದಲ್ಲಿ ಕುಳಿತೆ. "ಅತ್ತಿ, ನೀ ನುಂಗಿದರ ನಾ ನುಂಗತೇನಿ." ಅವಳು ಬಹಳ ಹೊತ್ತು ಅತ್ತಳು. ಆಮೇಲೆ ನುಂಗಿದಳು. ಅಂದಿನಿಂದ ಔಷಧ ಮುಗಿಯುವವರೆಗೆ ಸಾಲೆಗೆ ಹೋಗುವ ಮೊದಲು ಅವಳೆದುರು ಕುಳಿತು ಶೇಂಗಾ ತಿಂದೆ. ಅವ್ವ ಏನೂ ಕೇಳದೆ ದಿನಾ ಒಂದು ಹಿಡಿ ಹುರಿದಿಡುತ್ತಿದ್ದಳು.

ರೋಗ ಹೋಯಿತೆಂದು ಡಾಕ್ಟರು ಹೇಳಿದ ದಿನ ಕಾಕಾ ದೊಡ್ಡ ಮನಸ್ಸು ಮಾಡಿ, "ಅಕ್ಕಾ, ಇನ್ನ ಒಳಗ ಬಾ" ಎಂದ. ಎಂದಿನಂತೆ ಕೈಯನ್ನೂ ಚಾಚಿದ. ಅತ್ತಿ ಬೀಡಿಯ ಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡೋ ತಮ್ಮಾ, ಅದನ್ನ ನಾ ಮುಟ್ಟೇನಿ."

ಚಾಚಿದ ಕೈ ಅಲ್ಲೇ ನಿಂತಿತು. ಅತ್ತಿ ಒಳಗೆ ಹೋಗಲಿಲ್ಲ. ಸಾಯುವವರೆಗೆ ಶೆಡ್ಡಿನಲ್ಲೇ ಇದ್ದಳು, ಹೌಸಾಬಾಯಿಯ ಗ್ಲಾಸಿನಲ್ಲಿ ಚಹಾ ಕುಡಿಯುತ್ತ. ಈಗ ಆ ಶೆಡ್ಡಿಲ್ಲ, ಮನೆಯೂ ಇಲ್ಲ. ನನಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ಅಂಗೈಯಲ್ಲಿಟ್ಟುಕೊಂಡು ಎದುರಿನ ಕುರ್ಚಿಯನ್ನು ನೋಡುತ್ತ ಒಂದು ಗಳಿಗೆ ಕೂಡುತ್ತೇನೆ. ಅತ್ತಿಯೆದುರು ನಾನು ಕೂತಂತೆ ನಿಮ್ಮೆದುರೂ ಎಂದೋ ಯಾರೋ ಕೂತಿದ್ದಿರಬೇಕು. ಆಮೇಲೆ ನುಂಗುತ್ತೇನೆ.