ಮುಷ್ಟಿಯೊಳಗಿನ ಐದು

ಚಳಿಗಾಲ ಮುಗಿಯುವವರೆಗೂ ಅವರ ಬಲಗೈ ಹೆಬ್ಬೆರಳ ಉಗುರು ಹಸಿರಾಗಿರುತ್ತಿತ್ತು. ಘಾಜಿಯಾಬಾದಿನ ನಮ್ಮ ಕಟ್ಟಡದ ತಾರಸಿಗೆ ಭಾನುವಾರ ಬಿಸಿಲು ಬಿದ್ದೊಡನೆ ಚಾಪೆ ಹಾಸಿ ಬಟಾಣಿ ಸುಲಿಯಲು ಕೂರುತ್ತಿದ್ದರು. ಸುತ್ತ ಮಕ್ಕಳು. ಪ್ರಾಥಮಿಕ ಶಾಲೆಯಿಂದ ನಿವೃತ್ತರಾಗಿದ್ದ ಅವರನ್ನು ನಾವೆಲ್ಲ ಟೀಚರ್ ಎಂದೇ ಕರೆಯುತ್ತಿದ್ದೆವು. ಮಂಡ್ಯದ ಕಡೆಯವರು. ದೆಹಲಿ ಕಡೆಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದರೆ, "ಇಲ್ಲೇ ಹುಟ್ಟಿದ್ದೀನೇನೋ ಅನ್ಸುತ್ತೆ" ಎನ್ನುತ್ತಿದ್ದರು. ನಾನು ದೆಹಲಿಯ ಹೌಜ್ ಖಾಸಿನ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತ ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೆ. ನನ್ನದು ಮಾತು ಕಡಿಮೆ. ಅವರೂ ಒತ್ತಾಯಿಸಿ ಮಾತಾಡಿಸುತ್ತಿರಲಿಲ್ಲ. ನನ್ನ ಮುಂದೆ ಒಂದು ಬೊಗಸೆ ಬಟಾಣಿಕಾಯಿ ಸುರಿಯುತ್ತಿದ್ದರು, ಅಷ್ಟೆ.

ಮಂಜು ಪೂರ್ತಿ ಕರಗಿರುತ್ತಿರಲಿಲ್ಲ. ದೂರದ ಮೆಟ್ರೊ ನೀರಿನೊಳಗೆ ಸಾಗುವಂತೆ ಸದ್ದಿಲ್ಲದೆ ಹೋಗುತ್ತಿತ್ತು. ಅರೆನಿದ್ದೆಯಂಥ ಆ ಬೆಳಕಿನಲ್ಲಿ ಅವರು ಕೂಡುವ ಲೆಕ್ಕ ಕಲಿಸುತ್ತಿದ್ದರು. ಐದು ಕಾಳು ಎಣಿಸಿ ಮುಷ್ಟಿ ಮುಚ್ಚಬೇಕು. ಚಾಪೆಯ ಮೇಲೆ ಇನ್ನು ಮೂರು. ಮುಚ್ಚಿದ್ದನ್ನು ಮತ್ತೆ ಎಣಿಸುವಂತಿಲ್ಲ. ಐದು ಎಂದು ಹೇಳಿ, ಮುಂದಕ್ಕೆ ಆರು, ಏಳು, ಎಂಟು. ಮುಷ್ಟಿಯನ್ನು ನಂಬಿದ ದಿನ ಮಗುವಿಗೆ ಕೂಡುವುದು ಬಂತು ಎಂಬುದು ಅವರ ಮಾತು. ತಪ್ಪು ಉತ್ತರಕ್ಕೆ ಬೈಗುಳವಿರಲಿಲ್ಲ. ಸರಿ ಉತ್ತರ ಬಂದರೆ ಕಾಳು ತಿನ್ನಬಹುದಿತ್ತು. ಹಾಗಾಗಿ ಅವರ ಮನೆಯ ಪಲಾವಿನಲ್ಲಿ ಬಟಾಣಿ ಯಾವಾಗಲೂ ಕಡಿಮೆ.

ಎರಡನೆಯ ಮಹಡಿಯ ಸಾನ್ವಿ ಮಾತ್ರ ಪ್ರತಿಸಲವೂ ಮುಷ್ಟಿ ಬಿಚ್ಚಿ ಒಂದರಿಂದ ಎಣಿಸುತ್ತಿದ್ದಳು. ಶಾಲೆಯಲ್ಲೂ ಹಾಗೇ, ಎಲ್ಲರೂ ಮುಗಿಸಿದಾಗ ಅವಳದು ಅರ್ಧ. ಹೀಗಾದರೆ ಮುಂದಿನ ತರಗತಿಗೆ ಕಳಿಸುವುದಿಲ್ಲ ಎಂದು ಶಾಲೆಯವರು ಹೇಳಿದ್ದರಂತೆ. ಅದನ್ನು ಹೇಳುತ್ತ ಅವಳ ತಾಯಿ ತಾರಸಿಯಲ್ಲೇ ಕಣ್ಣೊರೆಸಿಕೊಂಡರು.

ಟೀಚರ್ ಮಗುವನ್ನು ಹತ್ತಿರ ಕೂರಿಸಿಕೊಂಡರು. "ಅಚ್ಛಾ, ನೀನೇ ಇಟ್ಟಿದ್ದಲ್ವೇನೇ? ಮತ್ತೆ ಯಾಕೆ ಬಿಚ್ಚಿ ನೋಡ್ತೀಯಾ?"

"ಚಲಾ ಗಯಾ ಹೋ ತೋ?" ಎಂದಳು ಸಾನ್ವಿ. ಒಳಗಿರುವುದು ಹೊರಟುಹೋಗಿದ್ದರೆ?

ಟೀಚರ್ ಸುಲಿಯುವುದನ್ನು ನಿಲ್ಲಿಸಿದರು. ಸಾನ್ವಿಯ ತಂದೆಗೆ ಬೇರೆ ಊರಿನಲ್ಲಿ ಕೆಲಸ. ಬಂದು ಹೋಗುವಾಗಲೆಲ್ಲ, ಮಗಳು ಅಳುತ್ತಾಳೆಂದು, ಅವಳು ಏಳುವ ಮೊದಲೇ ಹೊರಟುಬಿಡುತ್ತಿದ್ದರು. ಇದು ನಮಗೆಲ್ಲ ಗೊತ್ತಿತ್ತು. ಲೆಕ್ಕದ ಪಕ್ಕದಲ್ಲಿ ಅದನ್ನಿಟ್ಟು ನೋಡಿದವರು ಅವರೊಬ್ಬರೇ. ಮಗುವನ್ನು ಆಟಕ್ಕೆ ಕಳಿಸಿ, ತಾಯಿಗೆ ಮೆಲ್ಲಗೆ ಹೇಳಿದರು: "ಮುಂದಿನ ಸಲ ಅವರಪ್ಪ ಎಬ್ಬಿಸಿ, ಹೇಳಿ ಹೋಗ್ಲಿ ಕಣಮ್ಮ. ಅತ್ರೆ ಅಳ್ಲಿ."

ಅತ್ತಳು, ಕಟ್ಟಡಕ್ಕೆಲ್ಲ ಕೇಳುವಂತೆ, ಗೇಟಿನವರೆಗೂ. ಅದರ ಮುಂದಿನ ಸಲವೂ ಅತ್ತಳು, ಸ್ವಲ್ಪ ಕಡಿಮೆ. ಹೋಳಿ ಹತ್ತಿರವಾದ ಒಂದು ಭಾನುವಾರ, ಆಕಾಶದಲ್ಲಿ ಯಾರದೋ ಗಾಳಿಪಟ ನೋಡುತ್ತ, ಮುಷ್ಟಿ ಮುಚ್ಚಿಕೊಂಡೇ ಆರು, ಏಳು, ಎಂಟು ಎಂದಳು. ಟೀಚರ್ ಹೊಗಳಲಿಲ್ಲ. "ತಿನ್ನು" ಎಂದರು. ಆ ವರ್ಷ ಶಾಲೆಯವರು ಅವಳನ್ನು ಮುಂದಿನ ತರಗತಿಗೆ ಕಳಿಸಿದರು.

ಕಳೆದ ಚಳಿಗಾಲ ಟೀಚರಿಗೆ ಹೃದಯದ ಶಸ್ತ್ರಚಿಕಿತ್ಸೆ ಎಂದಾಯಿತು. ಮಕ್ಕಳಿಗೆ ತಿಳಿಸುವುದು ಬೇಡ, ಊರಿಗೆ ಹೋಗಿದ್ದಾರೆ ಅಂದರಾಯಿತು ಎಂದು ದೊಡ್ಡವರು ಮಾತಾಡಿಕೊಂಡರು. ಅವರು ಒಪ್ಪಲಿಲ್ಲ. ನನ್ನ ತೋಳು ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿ, ಚಾಪೆಯ ಮೇಲೆ ಕೂತು, ಮಕ್ಕಳ ಮುಖ ನೋಡಿಕೊಂಡೇ ಹೇಳಿದರು: "ಆಸ್ಪತ್ರೆಗೆ ಹೋಗ್ತಿದ್ದೀನಿ. ವಾಪಸ್ ಬರ್ತೀನೋ ಇಲ್ವೋ ಗೊತ್ತಿಲ್ಲ. ಹೇಳಿ ಹೋಗೋಣ ಅಂತ ಬಂದೆ."

ಸಾನ್ವಿ, ಮುಂದಿನ ಭಾನುವಾರ ಯಾರು ಕಲಿಸುತ್ತಾರೆಂದು ಕೇಳಿದಳು. ಟೀಚರ್ ನನ್ನ ಕಡೆ ಕೈ ತೋರಿಸಿದರು. ನನ್ನನ್ನು ಮೊದಲು ಕೇಳಿರಲಿಲ್ಲ. ಕೇಳಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.

ಅವರು ತಿರುಗಿ ಬರಲಿಲ್ಲ. ಆ ಭಾನುವಾರ ನಾನು ಮೇಲೆ ಹೋದಾಗ ಮಕ್ಕಳು ಆಗಲೇ ಬಂದು ಕೂತಿದ್ದರು. ನಡುವೆ ಒಂದು ಜಾಗ ಖಾಲಿ ಬಿಟ್ಟಿದ್ದರು. ಅದು ಟೀಚರದು, ಯಾರೂ ಕೂರಬಾರದೆಂದು ಬಿಟ್ಟಿರಬೇಕು ಅಂದುಕೊಂಡು ನಾನು ಅಂಚಿನಲ್ಲಿ ಕೂರಲು ಹೋದೆ.

"ಅಲ್ಲಲ್ಲ ದೀದಿ," ಎಂದು ಸಾನ್ವಿ ಆ ಜಾಗವನ್ನು ಅಂಗೈಯಿಂದ ತಟ್ಟಿದಳು. "ಇಲ್ಲಿ."